ಕಾಟುಮಾವಿನ ಆಟ

ಮಕ್ಕಳೇ, ಕಂಪ್ಯೂಟರಿನಲ್ಲಿ ಆಟವಾಡುವುದೆಂದರೆ ನಿಮಗೆ ಬಹಳ ಇಷ್ಟ, ಅಲ್ಲವೇ? ಆ ಆಟಗಳನ್ನು ತಯಾರಿಸುವವರು ಯಾರು? ಅವು ಹೇಗೆ ನಡೆಯುತ್ತವೆ? ನಾವೇ ಒಂದು ಆಟವನ್ನು ತಯಾರಿಸಬಹುದೇ? ಬನ್ನಿ, ಕಾಸರಗೋಡಿನ ಹಳ್ಳಿಯೊಂದರ ಐದನೆಯ ತರಗತಿಯ ಹುಡುಗನೊಬ್ಬ ಹೇಳುವ ಈ ಕಥೆಯನ್ನು ಓದೋಣ.

1

ನಮ್ಮ ಮನೆಯ ಮುಂದೆ, ಮಾರ್ಗದ ಬದಿಯಲ್ಲಿ, ಒಂದು ಕಾಟುಮಾವಿನ ಮರವಿತ್ತು. ಅಜ್ಜ ಚಿಕ್ಕವರಾಗಿದ್ದಾಗಲೇ ಅದು ದೊಡ್ಡ ಮರವಾಗಿತ್ತಂತೆ. ಅಕ್ಕನೂ ನಾನೂ ಕೈಕೈ ಹಿಡಿದು ಅಪ್ಪಿದರೂ ಅದರ ಬುಡ ನಮ್ಮ ತೋಳಿಗೆ ಸಿಗುತ್ತಿರಲಿಲ್ಲ. ಹಣ್ಣು ಚಿಕ್ಕದು, ಗೊರಟು ದೊಡ್ಡದು, ನಾರು ಹೆಚ್ಚು. ಆದರೆ ಅದರ ಪರಿಮಳ! ಅಂಗಡಿಯಿಂದ ತರುವ ಯಾವ ಮಾವಿನ ಹಣ್ಣಿಗೂ ಅದು ಇಲ್ಲ.

ಮೇ ತಿಂಗಳ ಕೊನೆಗೆ ಮಳೆಗಾಳಿ ಬೀಸತೊಡಗಿದರೆ ರಾತ್ರಿಯೆಲ್ಲ ಹಣ್ಣು ಬೀಳುವ ಸದ್ದು. 'ದೊಪ್ಪ' ಎಂದು ಒಂದು ಬಿದ್ದರೆ ಅಜ್ಜ ಮಲಗಿದಲ್ಲಿಂದಲೇ "ಒಂದು" ಎನ್ನುತ್ತಿದ್ದರು. ಇನ್ನೊಂದು ಬಿದ್ದರೆ "ಎರಡು." ನಾನು ಐದೋ ಆರೋ ಎಣಿಸುವಷ್ಟರಲ್ಲಿ ನಿದ್ರೆ ಹೋಗುತ್ತಿದ್ದೆ. ಅಜ್ಜ ಎಣಿಸುತ್ತಲೇ ಇರುತ್ತಿದ್ದರು. ಬೆಳಕು ಹರಿಯುವಾಗ ನಾವು ಮೂವರೂ ಬುಟ್ಟಿ ಹಿಡಿದುಕೊಂಡು ಮರದಡಿಗೆ ಓಡುತ್ತಿದ್ದೆವು. ಹೆಕ್ಕಿದ ಹಣ್ಣುಗಳನ್ನು ಎಣಿಸಿ ಅಜ್ಜ ಹೇಳುತ್ತಿದ್ದರು:

"ಹದಿನಾರೇ ಇವೆಯಲ್ಲ! ರಾತ್ರಿ ಹದಿನೆಂಟು ಬಿದ್ದಿದೆ. ಇನ್ನೆರಡು ಎಲ್ಲಿ? ಹುಡುಕಿ!"

ಹುಡುಕಿದರೆ ಆ ಎರಡು ಹಣ್ಣುಗಳು ಬೇಲಿಯ ಮರೆಯಲ್ಲೋ ತರಗೆಲೆಗಳ ಅಡಿಯಲ್ಲೋ ಸಿಕ್ಕೇ ಸಿಗುತ್ತಿದ್ದವು. ಅಜ್ಜನ ಲೆಕ್ಕ ತಪ್ಪುತ್ತಿರಲಿಲ್ಲ. ಅಜ್ಜಿ ಆ ಹಣ್ಣಿನಿಂದ ಸಾಸಿವೆ ಮಾಡುತ್ತಿದ್ದರು, ಗೊಜ್ಜು ಮಾಡುತ್ತಿದ್ದರು. ಉಳಿದ ಹಣ್ಣಿನ ರಸವನ್ನು ಚಾಪೆಯ ಮೇಲೆ ಹರಡಿ, ಬಿಸಿಲಿಗೆ ಒಣಗಿಸಿ ಮಾಂಬಳ ಮಾಡುತ್ತಿದ್ದರು.

ಮಾರ್ಗವನ್ನು ಅಗಲ ಮಾಡುವಾಗ ಆ ಮರವನ್ನು ಕಡಿದರು. "ಬಸ್ಸು ಬರಬೇಕಾದರೆ ಮಾರ್ಗ ಬೇಕು. ಏನು ಮಾಡುವುದು?" ಎಂದು ಅಜ್ಜನೇ ಹೇಳಿದ್ದರು. ಆದರೆ ಆ ವರ್ಷ ಮಳೆಗಾಳಿ ಬೀಸಿದ ರಾತ್ರಿ ಅಜ್ಜನಿಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಎಣಿಸುವುದಕ್ಕೆ ಏನೂ ಇರಲಿಲ್ಲ.

2

ನನ್ನ ಅಕ್ಕ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಅವಳ ಶಾಲೆಯಲ್ಲಿ ಮಕ್ಕಳದೇ ಒಂದು ಕಂಪ್ಯೂಟರ್ ಕೂಟವಿದೆ. ಅಕ್ಕ ಅದಕ್ಕೆ ಸೇರಿದ್ದಳು. ಒಂದು ದಿನ ಸಂಜೆ ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಹಾಕಿ, "ಅಮ್ಮಾ, ನಾನು ಇನ್ನು ಕೂಟಕ್ಕೆ ಹೋಗುವುದಿಲ್ಲ" ಎಂದಳು.

"ಯಾಕೆ ಮಗಳೇ?"

"ಅದರಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಇದೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮಿಂದ ಆಗುವ ಕೆಲಸ ಅದಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, "ನಾಳೆ ಟೀಚರಲ್ಲಿ ಒಂದು ಮಾತು ಕೇಳು. ಆಮೇಲೂ ಬೇಡವೆಂದಾದರೆ ಬಿಡು" ಎಂದರು.

ಮರುದಿನ ಸಂಜೆ ಅಕ್ಕ ನಗುತ್ತಲೇ ಬಂದಳು. ಚೀಲವನ್ನು ಇಡುವ ಮೊದಲೇ ನನ್ನನ್ನು ಕರೆದಳು.

"ಪುಟ್ಟಾ, ಅಂಗಳಕ್ಕೆ ಬಾ. ನೀನು ಈಗ ಕಂಪ್ಯೂಟರ್. ನಾನು ಹೇಳಿದ್ದನ್ನು ಮಾತ್ರ ಮಾಡಬೇಕು. ಹೇಳದೆ ಇದ್ದದ್ದನ್ನು ಮಾಡಬಾರದು. ತುಳಸಿಕಟ್ಟೆಯ ಮೇಲಿರುವ ಚೆಂಬನ್ನು ನೀನು ನನಗೆ ತಂದುಕೊಡಬೇಕು. ಸರಿಯೋ?"

"ಸರಿ."

"ಮುಂದೆ ನಡೆ!"

ನಾನು ನಡೆದೆ. ತುಳಸಿಕಟ್ಟೆ ದಾಟಿತು. ನಡೆದೆ. ಬಾವಿಕಟ್ಟೆ ದಾಟಿತು. ಹಟ್ಟಿಯ ಬಾಗಿಲಿಗೆ ಹೋಗಿ ಕರುವಿಗೆ ಢಿಕ್ಕಿ ಹೊಡೆಯುವುದರಲ್ಲಿದ್ದೆ.

"ನಿಲ್ಲು, ನಿಲ್ಲು! ಎಲ್ಲಿಗೆ ಹೋಗುತ್ತೀ?"

"ನಿಲ್ಲಲು ನೀನು ಹೇಳಲಿಲ್ಲವಲ್ಲ!"

ಅಕ್ಕ ತಲೆ ಚಚ್ಚಿಕೊಂಡು ನನ್ನನ್ನು ಮೊದಲಿನ ಜಾಗಕ್ಕೆ ಕರೆತಂದಳು. ಈ ಸಲ ಅಂಗಳವನ್ನು ಕಣ್ಣಿನಲ್ಲೇ ಅಳೆದು ಹೇಳಿದಳು:

"ಆರು ಹೆಜ್ಜೆ ಮುಂದೆ ನಡೆ. ಬಲಕ್ಕೆ ತಿರುಗು. ಮೂರು ಹೆಜ್ಜೆ ಮುಂದೆ ನಡೆ. ಬಗ್ಗು. ಚೆಂಬನ್ನು ಹಿಡಿ. ಹಿಂದಕ್ಕೆ ತಿರುಗು. ಮೂರು ಹೆಜ್ಜೆ ಮುಂದೆ ನಡೆ."

ನಾನು ಚೆಂಬು ಹಿಡಿದು, ಬೆನ್ನು ಬಗ್ಗಿಸಿಕೊಂಡೇ ನಡೆದು ಬಂದೆ. ಜಗಲಿಯಲ್ಲಿ ಕುಳಿತಿದ್ದ ಅಜ್ಜ ಹೊಟ್ಟೆ ಹಿಡಿದು ನಕ್ಕರು.

"ನೆಟ್ಟಗೆ ನಿಂತುಕೋ ಎಂದು ಅವಳು ಹೇಳಲೇ ಇಲ್ಲ, ಅಲ್ಲವೋ?" ಎಂದರು.

ಅಕ್ಕನೂ ನಕ್ಕಳು. "ಇವತ್ತು ಟೀಚರು ನಮ್ಮಿಂದಲೂ ಇದನ್ನೇ ಮಾಡಿಸಿದರು. ಕಂಪ್ಯೂಟರಿಗೆ ಊಹಿಸಿಕೊಳ್ಳಲು ಬರುವುದಿಲ್ಲ. ಏನು, ಎಷ್ಟು, ಯಾವಾಗ ಎಂಬುದನ್ನೆಲ್ಲ ಒಂದೊಂದಾಗಿ ಹೇಳಬೇಕು. ಹಾಗೆ ಕ್ರಮವಾಗಿ ಬರೆದ ಆಜ್ಞೆಗಳಿಗೆ ಪ್ರೋಗ್ರಾಂ ಎಂದು ಹೆಸರು" ಎಂದಳು.

"ಇದಕ್ಕೆ ಇಂಗ್ಲಿಷ್ ಬೇಡವೇ?"

"ಟೀಚರು ಏನು ಹೇಳಿದರು ಗೊತ್ತೇ? 'ನಿನಗೆ ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಅದೇ ಭಾಷೆಯಲ್ಲಿ ಮೊದಲು ಕಾಗದದ ಮೇಲೆ ಬರೆ. ಆಮೇಲೆ ಕಂಪ್ಯೂಟರಿನಲ್ಲಿ ಮಾಡು. ಅಲ್ಲಿರುವ ಇಂಗ್ಲಿಷ್ ಪದಗಳು ನಲುವತ್ತೋ ಐವತ್ತೋ ಇರಬಹುದು. ಆಡುತ್ತ ಆಡುತ್ತ ಬಂದುಬಿಡುತ್ತವೆ. ಕಷ್ಟವಿರುವುದು ಪದದಲ್ಲಿ ಅಲ್ಲ, ಸರಿಯಾಗಿ ಯೋಚಿಸುವುದರಲ್ಲಿ' ಎಂದರು."

ಅಕ್ಕ ಆ ರಾತ್ರಿ ನೋಟ್‌ಪುಸ್ತಕದಲ್ಲಿ ಒಂದು ಮರ, ಒಂದು ಬುಟ್ಟಿ, ಬೀಳುತ್ತಿರುವ ಹಣ್ಣುಗಳ ಚಿತ್ರ ಬರೆದಳು. ಮೇಲೆ 'ಕಾಟುಮಾವಿನ ಆಟ' ಎಂದು ಹೆಸರಿಟ್ಟಳು.

3

ಒಂದು ಶನಿವಾರ ಹೈಸ್ಕೂಲಿನವರು ನಮ್ಮ ಶಾಲೆಯ ಮಕ್ಕಳನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದರು. ನಾವು ಸಾಲಾಗಿ ಹೋದೆವು. ಅಲ್ಲಿ ದೊಡ್ಡ ತರಗತಿಯ ಅಣ್ಣಂದಿರೂ ಅಕ್ಕಂದಿರೂ ಇಬ್ಬಿಬ್ಬರಾಗಿ ಲ್ಯಾಪ್‌ಟಾಪುಗಳ ಮುಂದೆ ಕುಳಿತಿದ್ದರು. ಒಂದರಲ್ಲಿ ದೋಣಿಯೊಂದು ಬಂಡೆಗಳನ್ನು ತಪ್ಪಿಸಿಕೊಂಡು ಚಂದ್ರಗಿರಿ ಹೊಳೆ ದಾಟುತ್ತಿತ್ತು. ಇನ್ನೊಂದರಲ್ಲಿ ಬೆಕ್ಕು ಇಲಿಯ ಹಿಂದೆ ಓಡುತ್ತಿತ್ತು. ಎಲ್ಲವೂ ಅವರೇ ತಯಾರಿಸಿದ ಆಟಗಳು!

ಟೀಚರು ನಮ್ಮನ್ನು ಕುಳ್ಳಿರಿಸಿ ಕೇಳಿದರು, "ಮಕ್ಕಳೇ, ಬ್ರೌಸರ್ ಎಂದರೆ ಏನೆಂದು ಗೊತ್ತೇ?"

ಯಾರೂ ಹೇಳಲಿಲ್ಲ.

"ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಕಿಟಕಿಯೇ ಬ್ರೌಸರ್. ಈ ಆಟಗಳು ಆ ಕಿಟಕಿಯೊಳಗೇ ನಡೆಯುತ್ತವೆ. ಬೇರೆ ಏನನ್ನೂ ಕಂಪ್ಯೂಟರಿಗೆ ಹಾಕಬೇಕೆಂದಿಲ್ಲ. ಇಲ್ಲಿ ಮಾಡಿದ ಆಟವನ್ನು ನಿಮ್ಮ ಮನೆಯ ಕಂಪ್ಯೂಟರಿನಲ್ಲಿಯೂ ತೆರೆದು ಆಡಬಹುದು."

ಅವರು ತೋರಿಸಿದ ಪುಟದ ಹೆಸರು ಸ್ಕ್ರ್ಯಾಚ್. ಅದರ ಎಡಬದಿಯಲ್ಲಿ ಬಣ್ಣಬಣ್ಣದ ತುಂಡುಗಳಿದ್ದವು. ಒಂದೊಂದು ತುಂಡು ಒಂದೊಂದು ಆಜ್ಞೆ. ನೀಲಿ ತುಂಡು ಚಲನೆಗೆ, ನೇರಳೆ ತುಂಡು ರೂಪಕ್ಕೆ, ಹಳದಿ ತುಂಡು ಆರಂಭಕ್ಕೆ. ಒಂದರ ಕೆಳಗೆ ಒಂದನ್ನು ಜೋಡಿಸಿದರೆ ಆಟಿಕೆಯ ತುಂಡುಗಳಂತೆ ಕಚ್ಚಿಕೊಳ್ಳುತ್ತವೆ. ಆಕಾರ ಹೊಂದದಿದ್ದರೆ ಕೂರುವುದಿಲ್ಲ. ಆದ್ದರಿಂದ ಕಾಗುಣಿತದ ತಪ್ಪು, ಚಿಹ್ನೆಯ ತಪ್ಪು ಎಂಬ ಹೆದರಿಕೆ ಇಲ್ಲಿಲ್ಲ.

ಬಲಬದಿಯಲ್ಲಿ ಒಂದು ರಂಗಸ್ಥಳ. "ಯಕ್ಷಗಾನದ ರಂಗಸ್ಥಳದ ಹಾಗೆಯೇ ಇದು. ಇಲ್ಲಿ ಪಾತ್ರಗಳು ಬಂದು ಕುಣಿಯುತ್ತವೆ. ನಾವು ಭಾಗವತರು. ನಾವು ಹೇಳಿದಂತೆ ಅವು ಕುಣಿಯಬೇಕು" ಎಂದರು ಟೀಚರು. ರಂಗಸ್ಥಳದ ನಡುಬಿಂದುವೇ ಸೊನ್ನೆ. ಅಲ್ಲಿಂದ ಎಡಕ್ಕೆ 240 ಹೆಜ್ಜೆ, ಬಲಕ್ಕೆ 240 ಹೆಜ್ಜೆ. ಮೇಲಕ್ಕೆ 180, ಕೆಳಕ್ಕೆ 180. ಯಾವ ಪಾತ್ರ ಎಲ್ಲಿ ನಿಲ್ಲಬೇಕೆಂದು ಈ ಸಂಖ್ಯೆಗಳಿಂದಲೇ ಹೇಳಬೇಕು.

"ಟೀಚರ್, ಕಲಿಯುವುದಕ್ಕೆ ಆಟವೇ ಯಾಕೆ?" ಎಂದು ನನ್ನ ಗೆಳೆಯ ಕೇಳಿದ.

ಟೀಚರು ನಕ್ಕರು. "ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಏನಾಗುತ್ತದೆ? ಕೆಂಪು ಗೆರೆ ಬೀಳುತ್ತದೆ. ಆಟದಲ್ಲಿ ತಪ್ಪಾದರೆ ಹಣ್ಣು ಗಾಳಿಯಲ್ಲಿ ನೇತಾಡುತ್ತದೆ, ಬೆಕ್ಕು ತಲೆಕೆಳಗಾಗಿ ಓಡುತ್ತದೆ. ನೋಡಿ ನಗು ಬರುತ್ತದೆ. ಸರಿಮಾಡದೆ ಬಿಡಲು ಮನಸ್ಸು ಬರುವುದಿಲ್ಲ. ತಪ್ಪನ್ನು ಯಾರೂ ತೋರಿಸಬೇಕಾಗಿಲ್ಲ, ಆಟವೇ ತೋರಿಸುತ್ತದೆ" ಎಂದರು.

4

ಕೊನೆಗೆ ಅಕ್ಕನ ಸರದಿ ಬಂತು. ರಂಗಸ್ಥಳದಲ್ಲಿ ನಮ್ಮ ಮರ! ಅದೇ ವಾಲಿದ ಕೊಂಬೆ, ಅದೇ ಬೇಲಿ. ಕೆಳಗೊಂದು ಬುಟ್ಟಿ. ನನಗೆ ಒಂದು ಕ್ಷಣ ಮಾತೇ ಬರಲಿಲ್ಲ.

ಅಕ್ಕ ತಾನು ಮಾಡಿದ್ದನ್ನು ವಿವರಿಸಿದಳು.

"ಮೊದಲ ದಿನ 'ಐದು ಹೆಜ್ಜೆ ಕೆಳಗೆ ಇಳಿ' ಎಂದು ಮಾತ್ರ ಹೇಳಿದ್ದೆ. ಹಣ್ಣು ಐದು ಹೆಜ್ಜೆ ಇಳಿದು ಅಲ್ಲಿಯೇ ನಿಂತಿತು. ಆಮೇಲೆ ಆ ಆಜ್ಞೆಯನ್ನು 'ಯಾವಾಗಲೂ' ಎಂಬ ತುಂಡಿನ ಒಳಗಿಟ್ಟೆ. ಆಗ ಅದು ಮತ್ತೆ ಮತ್ತೆ ನಡೆಯಿತು, ಹಣ್ಣು ನೆಲದವರೆಗೆ ಬಂತು. ಆದರೆ ಅಲ್ಲೇ ಬಿದ್ದುಕೊಂಡಿತು. 'ನೆಲ ಮುಟ್ಟಿದರೆ ಮರದ ಮೇಲಕ್ಕೆ ಹೋಗು' ಎಂದು ಸೇರಿಸಿದೆ. ಈಗ ಒಂದೇ ಜಾಗದಲ್ಲಿ ಬೀಳತೊಡಗಿತು. ಬುಟ್ಟಿಯನ್ನು ಅಲ್ಲೇ ಇಟ್ಟರೆ ಸಾಕು, ಆಟವೇ ಇಲ್ಲ! ಅದಕ್ಕೆ 'ಎಡಬಲಗಳಲ್ಲಿ ಯಾವುದಾದರೂ ಒಂದು ಜಾಗವನ್ನು ಆರಿಸಿಕೋ' ಎಂದೆ. ಈಗ ಹಣ್ಣು ಎಲ್ಲಿ ಬೀಳುತ್ತದೆಂದು ನನಗೂ ಗೊತ್ತಾಗುವುದಿಲ್ಲ."

ಹಣ್ಣುಗಳ ಲೆಕ್ಕವಿಡಲು ಅವಳು ಒಂದು ಡಬ್ಬಿ ಮಾಡಿದ್ದಳು. ಸಂಖ್ಯೆಯನ್ನು ತುಂಬಿಡುವ ಡಬ್ಬಿ ಅದು. ಅದರ ಮೇಲೆ ಕನ್ನಡದಲ್ಲಿಯೇ 'ಹಣ್ಣು' ಎಂದು ಬರೆದಿತ್ತು. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

"ಹೆಸರು ಕನ್ನಡದಲ್ಲಿ ಇಡಬಹುದೇ ಟೀಚರ್?"

"ಇಡಬಹುದಲ್ಲ! ಹೆಸರು ಇಡುವುದು ನಾವು ನೆನಪಿಟ್ಟುಕೊಳ್ಳಲಿಕ್ಕೆ. ಕಂಪ್ಯೂಟರಿಗೆ ಎಲ್ಲ ಹೆಸರೂ ಒಂದೇ."

ಅಕ್ಕ ಹಸಿರು ಬಾವುಟವನ್ನು ಒತ್ತಿದಳು. ಮೊದಲ ಹಣ್ಣು ಬಿತ್ತು. ನಾನು ಬುಟ್ಟಿಯನ್ನು ಓಡಿಸಿ ಹಿಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ 'ಹಣ್ಣು' ಡಬ್ಬಿಯಲ್ಲಿ ಒಂದರ ಬದಲು ಹದಿಮೂರು ಎಂದು ಬಂತು!

"ಒಂದು ಹಣ್ಣಿಗೆ ಹದಿಮೂರು ಅಂಕ!" ಎಂದು ಎಲ್ಲರೂ ನಕ್ಕರು. "ಇರಲಿ ಬಿಡು, ಬೇಗ ಗೆಲ್ಲಬಹುದು" ಎಂದ ಒಬ್ಬ ಅಣ್ಣ.

ಅಕ್ಕನ ಮುಖ ಬಾಡಿತು. "ಇಲ್ಲ, ಹಾಗೆ ಬಿಡಲಾಗದು. ಲೆಕ್ಕ ತಪ್ಪಿದರೆ ಅದು ನಮ್ಮ ಅಜ್ಜನ ಮರವೇ ಅಲ್ಲ" ಎಂದಳು. ತುಂಡುಗಳನ್ನು ಮತ್ತೆ ಮತ್ತೆ ನೋಡಿದಳು. 'ಬುಟ್ಟಿಗೆ ತಾಗಿದರೆ ಒಂದು ಹಣ್ಣು ಹೆಚ್ಚಿಸು' ಎಂದೇ ಇತ್ತು. ತಪ್ಪು ಎಲ್ಲಿ?

ಟೀಚರು ಉತ್ತರ ಹೇಳಲಿಲ್ಲ. "ಕಂಪ್ಯೂಟರನ್ನು ಬಿಡಿ. ನಾವೇ ಕಂಪ್ಯೂಟರ್ ಆಗೋಣ" ಎಂದು ಎಲ್ಲರನ್ನೂ ವರಾಂಡಕ್ಕೆ ಕರೆತಂದರು. ಅಕ್ಕ ಬುಟ್ಟಿಯಾಗಿ ಕೈ ಅಗಲಿಸಿ ನಿಂತಳು. ನಾನು ಹಣ್ಣು. ಒಂದೊಂದೇ ಹೆಜ್ಜೆ ಇಟ್ಟು ಅವಳ ಕೈಯಡಿಯಿಂದ ಹಾದುಹೋಗಬೇಕು. ಪ್ರತಿ ಹೆಜ್ಜೆಗೂ ಉಳಿದವರು "ತಾಗಿದೆಯೇ?" ಎಂದು ಕೇಳಬೇಕು. ತಾಗಿದ್ದರೆ ನನ್ನ ಗೆಳೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು.

ಒಂದು ಹೆಜ್ಜೆ. "ತಾಗಿದೆಯೇ?" "ಇಲ್ಲ."

ಇನ್ನೊಂದು ಹೆಜ್ಜೆ. "ತಾಗಿದೆಯೇ?" "ತಾಗಿದೆ." ಒಂದು ಗೆರೆ.

ಮತ್ತೊಂದು ಹೆಜ್ಜೆ. ನಾನಿನ್ನೂ ಅಕ್ಕನ ಕೈಯಡಿಯಲ್ಲೇ ಇದ್ದೆ. "ತಾಗಿದೆಯೇ?" "ತಾಗಿದೆ." ಎರಡನೆಯ ಗೆರೆ.

"ನಿಲ್ಲಿ, ನಿಲ್ಲಿ!" ಎಂದು ನಾನು ಕೂಗಿದೆ. "ಗೊತ್ತಾಯಿತು! ನಾನು ಒಂದೇ ಹಣ್ಣು. ಆದರೆ ಬುಟ್ಟಿಯನ್ನು ದಾಟುವವರೆಗೆ ಪ್ರತಿ ಹೆಜ್ಜೆಗೂ ತಾಗಿಕೊಂಡೇ ಇದ್ದೇನೆ. ಪ್ರತಿಸಲ ಕೇಳಿದಾಗಲೂ ಕಂಪ್ಯೂಟರ್ ಒಂದೊಂದು ಎಣಿಸುತ್ತದೆ!"

"ಹೌದು!" ಎಂದಳು ಅಕ್ಕ. "ಹಾಗಾದರೆ ತಾಗಿದ ಕೂಡಲೇ ಒಂದು ಎಣಿಸಿ, ಆ ಹಣ್ಣನ್ನು ಅಲ್ಲಿಂದ ತೆಗೆದುಬಿಡಬೇಕು. ಮರದ ಮೇಲಕ್ಕೆ ಕಳುಹಿಸಬೇಕು."

ಅವಳು ಒಳಗೆ ಓಡಿ 'ಒಂದು ಹಣ್ಣು ಹೆಚ್ಚಿಸು' ಎಂಬ ತುಂಡಿನ ಕೆಳಗೆ 'ಮರದ ಮೇಲಕ್ಕೆ ಹೋಗು' ಎಂಬ ತುಂಡನ್ನು ಸೇರಿಸಿದಳು. ಹಸಿರು ಬಾವುಟ ಒತ್ತಿದಳು. ಹಣ್ಣು ಬಿತ್ತು. ಬುಟ್ಟಿ ಹಿಡಿಯಿತು. ಡಬ್ಬಿಯಲ್ಲಿ 'ಒಂದು' ಎಂದು ಬಂತು.

"ಇಂಥ ದೋಷಕ್ಕೆ ಬಗ್ ಎನ್ನುತ್ತಾರೆ" ಎಂದರು ಟೀಚರು. "ಕಂಪ್ಯೂಟರ್ ಒಂದು ಸೆಕೆಂಡಿಗೆ ಸುಮಾರು 30 ಸಲ ಹೀಗೆ ಕೇಳುತ್ತದೆ. ಅಷ್ಟು ವೇಗವಾಗಿ ನಡೆಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನಿಧಾನಮಾಡಿ ನೋಡಿದರೆ ಐದನೆಯ ತರಗತಿಯವನಿಗೂ ಕಾಣುತ್ತದೆ."

ಹೀಗೆಂದು ನನ್ನ ಬೆನ್ನು ತಟ್ಟಿದರು. ಅಕ್ಕ ಇಂಗ್ಲಿಷಿನ ಮಾತನ್ನು ಆಮೇಲೆ ಎತ್ತಲೇ ಇಲ್ಲ.

5

ಓಣಂ ರಜೆಯಲ್ಲಿ ಮಾವ ಲ್ಯಾಪ್‌ಟಾಪ್ ತಂದಿದ್ದರು. ಅಕ್ಕ ಬ್ರೌಸರಿನಲ್ಲಿ ತನ್ನ ಆಟವನ್ನು ತೆರೆದು ಅಜ್ಜನ ಮುಂದಿಟ್ಟಳು. ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಮರವನ್ನೇ ನೋಡಿದರು.

"ಆಡಿ ಅಜ್ಜಾ. ಈ ಬಾಣದ ಗುರುತು ಒತ್ತಿದರೆ ಬುಟ್ಟಿ ಎಡಕ್ಕೆ ಹೋಗುತ್ತದೆ, ಇದನ್ನು ಒತ್ತಿದರೆ ಬಲಕ್ಕೆ."

ಅಜ್ಜ ಆಡಿದರು. ಮೂರು ಹಣ್ಣು ಹಿಡಿದರು, ಏಳೆಂಟು ಬಿಟ್ಟರು. ಮತ್ತೆ ಕೈ ತೆಗೆದು ಹೇಳಿದರು:

"ಚೆನ್ನಾಗಿದೆ ಮಗೂ. ಆದರೆ ನಮ್ಮ ಮರ ಹೀಗೆ ಹಣ್ಣು ಬೀಳಿಸುತ್ತಿರಲಿಲ್ಲ. ಇದು ಗಡಿಯಾರದ ಹಾಗೆ ಒಂದೇ ಸಮನೆ ಬೀಳಿಸುತ್ತದೆ. ನಿಜವಾದ ಮರ ಗಾಳಿ ಇಲ್ಲದಾಗ ಸುಮ್ಮನಿರುತ್ತದೆ. ಗಾಳಿ ಬಂದರೆ ಮೂರು ನಾಲ್ಕು ಒಟ್ಟಿಗೇ ಬೀಳುತ್ತವೆ. ಮತ್ತೆ, ಸದ್ದೆಲ್ಲಿ?"

ಅಕ್ಕನಿಗೆ ಬೇಸರವಾಗಲಿಲ್ಲ. ಪೆನ್ಸಿಲ್ ತೆಗೆದು ಎಲ್ಲವನ್ನೂ ಬರೆದುಕೊಂಡಳು. ಎರಡು ದಿನ ಕುಳಿತು ಆಟವನ್ನು ತಿದ್ದಿದಳು. ಒಂದು ಹಣ್ಣು ಬಿದ್ದ ಮೇಲೆ ಎಷ್ಟು ಸೆಕೆಂಡು ಕಾಯಬೇಕೆಂಬುದನ್ನು ಕಂಪ್ಯೂಟರೇ ಆರಿಸಿಕೊಳ್ಳುವಂತೆ ಮಾಡಿದಳು. ಗಾಳಿ ಬಂದಾಗ ಹಣ್ಣಿನ ನಕಲುಗಳು ಹುಟ್ಟುವಂತೆ ಮಾಡಿದಳು. ಸದ್ದಿಗಾಗಿ ನಾವಿಬ್ಬರೂ ಅಂಗಳಕ್ಕೆ ಹೋದೆವು. ನಾನು ಜಗಲಿಯ ಮೇಲೆ ನಿಂತು ಹಣ್ಣಾದ ಪೇರಳೆಯನ್ನು ಒದ್ದೆ ಮಣ್ಣಿನ ಮೇಲೆ ಬೀಳಿಸಿದೆ. ಅಕ್ಕ ಲ್ಯಾಪ್‌ಟಾಪ್ ಹಿಡಿದು ಆ ಸದ್ದನ್ನು ಮುದ್ರಿಸಿಕೊಂಡಳು. ಏಳನೆಯ ಪೇರಳೆಗೆ ಸರಿಯಾದ 'ದೊಪ್ಪ' ಸಿಕ್ಕಿತು. ಹಣ್ಣು ನೆಲಕ್ಕೆ ಬಿದ್ದರೂ ಬುಟ್ಟಿಗೆ ಬಿದ್ದರೂ ಆ ಸದ್ದು ಬರುವಂತೆ ಮಾಡಿದಳು.

ಆ ರಾತ್ರಿ ಹೊರಗೆ ಮಳೆ ಸುರಿಯುತ್ತಿತ್ತು. ಅಜ್ಜ ಮಲಗಿದ್ದರು. ನಾವು ಪಕ್ಕದ ಕೋಣೆಯಲ್ಲಿ ಆಟ ತೆರೆದೆವು. ನಾನು ಬುಟ್ಟಿ ಓಡಿಸಿದೆ.

ದೊಪ್ಪ.

ಸ್ವಲ್ಪ ಹೊತ್ತು ಏನೂ ಇಲ್ಲ. ದೊಪ್ಪ. ದೊಪ್ಪ, ದೊಪ್ಪ.

ಕತ್ತಲೆಯೊಳಗಿಂದ ಅಜ್ಜನ ಸ್ವರ ಮೆಲ್ಲಗೆ ಕೇಳಿಸಿತು. "ಒಂದು... ಎರಡು... ಮೂರು, ನಾಲ್ಕು..."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಆಟ ಮುಗಿಯುವವರೆಗೂ ನಾವು ಮಾತನಾಡಲಿಲ್ಲ.

"ಪುಟ್ಟಾ," ಎಂದು ಅಜ್ಜ ಕರೆದರು. "ಬುಟ್ಟಿಯಲ್ಲಿ ಎಷ್ಟಿವೆ?"

ನಾನು ಡಬ್ಬಿಯನ್ನು ನೋಡಿದೆ. "ಹದಿನಾರು ಅಜ್ಜಾ."

"ಹದಿನೆಂಟು ಬಿದ್ದಿದೆಯಲ್ಲ! ಇನ್ನೆರಡು ಎಲ್ಲಿ? ಹುಡುಕಿ!"

ತಿಳಿದುಕೊಳ್ಳೋಣ

• ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಭಾಷೆಗಳಲ್ಲಿ ಮೊದಲನೆಯದಾಗಿ ಹೆಸರಾದದ್ದು 'ಲೋಗೊ'. 1967ರಲ್ಲಿ ಅಮೆರಿಕದಲ್ಲಿ ವಾಲಿ ಫ್ಯೂರ್ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಇದನ್ನು ರೂಪಿಸಿದರು. ಇದರಲ್ಲಿ ಒಂದು 'ಆಮೆ' ಮಕ್ಕಳ ಆಜ್ಞೆಯಂತೆ ನಡೆದು ಗೆರೆ ಎಳೆದು ಚಿತ್ರ ಬರೆಯುತ್ತದೆ. ಆಮೆ ಯಾವ ಕಡೆ ತಿರುಗಬೇಕೆಂದು ತಿಳಿಯದಿದ್ದರೆ ತಾವೇ ಆಮೆಯಂತೆ ನಡೆದು ನೋಡಿ ಎಂದು ಪ್ಯಾಪರ್ಟ್ ಮಕ್ಕಳಿಗೆ ಹೇಳುತ್ತಿದ್ದರು.

• ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಸ್ಕ್ರ್ಯಾಚನ್ನು ತಯಾರಿಸಿ 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬಾಲವಾಡಿಯ ಮಕ್ಕಳು ಆಡುತ್ತಲೇ ಕಲಿಯುವಂತೆ ಜೀವನವಿಡೀ ಕಲಿಯಬೇಕು ಎಂಬುದು ಆ ತಂಡದ ಆಶಯ. 2013ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಬ್ರೌಸರಿನಲ್ಲಿಯೇ ಆಟ ತಯಾರಿಸಲು ಸಾಧ್ಯವಾಯಿತು. ಮೂರನೆಯ ಆವೃತ್ತಿ 2019ರಲ್ಲಿ ಬಂತು. ಇಂಟರ್ನೆಟ್ ಇಲ್ಲದ ಕಡೆ ಕಂಪ್ಯೂಟರಿಗೆ ಹಾಕಿಕೊಂಡೂ ಇದನ್ನು ಬಳಸಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ.

• ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣಕ್ಕಾಗಿ 'ಐಟಿ ಅಟ್ ಸ್ಕೂಲ್' ಯೋಜನೆ 2001ರಲ್ಲಿ ಆರಂಭವಾಯಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಹೈಸ್ಕೂಲು ಮಕ್ಕಳ 'ಲಿಟಲ್ ಕೈಟ್ಸ್' ಕೂಟಗಳು 2018ರಲ್ಲಿ ಆರಂಭವಾದವು.

• 'ಬಗ್' ಎಂದರೆ ಹುಳ. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ದೊಡ್ಡ ಕಂಪ್ಯೂಟರ್ ಕೆಟ್ಟಾಗ ಅದರೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಯಂತ್ರದ ದೋಷವನ್ನು 'ಹುಳ' ಎನ್ನುವುದು ಅದಕ್ಕೂ ಮೊದಲೇ ರೂಢಿಯಲ್ಲಿತ್ತು. ಆ ದಿನ ಮಾತ್ರ ನಿಜವಾದ ಹುಳವೇ ಸಿಕ್ಕಿತು!

ಪದಗಳ ಅರ್ಥ

ಕಾಟುಮಾವು – ಕಾಡುಮಾವು
ಮಾರ್ಗ – ದಾರಿ, ರಸ್ತೆ
ಹೆಕ್ಕು – ಆರಿಸಿ ತೆಗೆ
ಗೊರಟು – ಹಣ್ಣಿನೊಳಗಿನ ಗಟ್ಟಿ ಬೀಜ
ಮಾಂಬಳ – ಮಾವಿನ ರಸವನ್ನು ಒಣಗಿಸಿ ಮಾಡಿದ ತಿನಿಸು
ಹಟ್ಟಿ – ದನದ ಕೊಟ್ಟಿಗೆ
ಆಜ್ಞೆ – ಅಪ್ಪಣೆ
ಪೇರಳೆ – ಸೀಬೆ ಹಣ್ಣು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.

1. ಕಾಟುಮಾವಿನ ಮರವನ್ನು ಯಾಕೆ ಕಡಿದರು?
2. ಅಕ್ಕ ಕೂಟವನ್ನು ಬಿಡುತ್ತೇನೆಂದು ಹೇಳಲು ಕಾರಣವೇನು?
3. ಬ್ರೌಸರ್ ಎಂದರೇನು?
4. ಪ್ರೋಗ್ರಾಂ ಎಂದರೇನು?
5. ಅಕ್ಕ ತನ್ನ ಡಬ್ಬಿಗೆ ಇಟ್ಟ ಹೆಸರೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.

1. ಹುಡುಗ ಹಟ್ಟಿಯವರೆಗೆ ನಡೆದುಹೋದದ್ದು ಯಾಕೆ? ತಪ್ಪು ಯಾರದು?
2. ಒಂದು ಹಣ್ಣಿಗೆ ಹದಿಮೂರು ಅಂಕ ಬಂದದ್ದು ಹೇಗೆ? ಅಕ್ಕ ಅದನ್ನು ಹೇಗೆ ಸರಿಮಾಡಿದಳು?
3. ಆಟದ ಮೂಲಕ ಕಲಿಯುವುದರಿಂದ ಏನು ಪ್ರಯೋಜನವೆಂದು ಟೀಚರು ಹೇಳಿದರು?
4. ಅಜ್ಜ ಆಟದಲ್ಲಿ ಕಂಡ ಕೊರತೆಗಳು ಯಾವುವು?

ಇ. ಈ ಮಾತುಗಳನ್ನು ಯಾರು ಯಾರಿಗೆ ಹೇಳಿದರು?

1. "ಆಮೇಲೂ ಬೇಡವೆಂದಾದರೆ ಬಿಡು."
2. "ನಿಲ್ಲಲು ನೀನು ಹೇಳಲಿಲ್ಲವಲ್ಲ!"
3. "ಇರಲಿ ಬಿಡು, ಬೇಗ ಗೆಲ್ಲಬಹುದು."
4. "ಮತ್ತೆ, ಸದ್ದೆಲ್ಲಿ?"

ಈ. ಭಾಷಾಭ್ಯಾಸ

1. 'ನಡೆ, ತಿರುಗು, ಬಗ್ಗು, ಹಿಡಿ' – ಇವು ಆಜ್ಞೆಯನ್ನು ಸೂಚಿಸುವ ಪದಗಳು. ಹಿರಿಯರಿಗೆ ಹೇಳುವಾಗ ಇವನ್ನು 'ನಡೆಯಿರಿ, ತಿರುಗಿರಿ' ಎಂದು ಬದಲಾಯಿಸುತ್ತೇವೆ. ಪಾಠದಲ್ಲಿರುವ ಇನ್ನೂ ಐದು ಆಜ್ಞಾಪದಗಳನ್ನು ಹುಡುಕಿ ಎರಡೂ ರೂಪಗಳಲ್ಲಿ ಬರೆಯಿರಿ.

2. 'ನೆಲ ಮುಟ್ಟಿದರೆ ಮರದ ಮೇಲಕ್ಕೆ ಹೋಗು.' ಈ ವಾಕ್ಯದಲ್ಲಿ ಮೊದಲು ಒಂದು ನಿಬಂಧನೆ, ಆಮೇಲೆ ಒಂದು ಕೆಲಸ ಇದೆ. ಇದೇ ರೀತಿ ಪೂರ್ಣಗೊಳಿಸಿರಿ.
   ಮಳೆ ಬಂದರೆ ________
   ಗಂಟೆ ಬಾರಿಸಿದರೆ ________
   ________ ಬಸ್ಸು ತಪ್ಪುತ್ತದೆ.

3. 'ದೊಪ್ಪ' ಎಂಬುದು ಸದ್ದನ್ನು ಅನುಕರಿಸುವ ಪದ. ಇಂಥ ಪದಗಳನ್ನು ಅನುಕರಣಾವ್ಯಯ ಎನ್ನುತ್ತಾರೆ. ನೀವು ದಿನವೂ ಕೇಳುವ ಇಂಥ ಐದು ಪದಗಳನ್ನು ಬರೆಯಿರಿ.

ಉ. ಯೋಚಿಸಿ ಹೇಳಿರಿ.

ಅಕ್ಕನ ಆಟವನ್ನು ಒಬ್ಬ ಆಡಿ ಮುಗಿಸಿದಾಗ ಡಬ್ಬಿಯಲ್ಲಿ 16 ಎಂದಿತ್ತು. ಇನ್ನೊಬ್ಬ ಹಸಿರು ಬಾವುಟವನ್ನು ಒತ್ತಿ ಆಡತೊಡಗಿದಾಗ ಅವನ ಮೊದಲ ಹಣ್ಣಿಗೆ ಡಬ್ಬಿ 17 ಎಂದು ತೋರಿಸಿತು ಎಂದುಕೊಳ್ಳಿ. ತಪ್ಪು ಎಲ್ಲಿದೆ? ಆಟದ ಆರಂಭದಲ್ಲಿ ಯಾವ ಆಜ್ಞೆಯನ್ನು ಸೇರಿಸಬೇಕು?

ಊ. ಚಟುವಟಿಕೆ

ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಂ ಬರೆಯೋಣ. ಅಂಗಳದಲ್ಲಿ ಉದ್ದಕ್ಕೆ ಐದು, ಅಗಲಕ್ಕೆ ಐದು, ಹೀಗೆ 25 ಚೌಕಗಳನ್ನು ಬರೆಯಿರಿ. ಒಂದು ಮೂಲೆಯಲ್ಲಿ ಒಬ್ಬರು ನಿಲ್ಲಿರಿ. ಇನ್ನೊಂದು ಚೌಕದಲ್ಲಿ ಒಂದು ಕಲ್ಲು ಇಡಿರಿ. ಎರಡು ಚೌಕಗಳಲ್ಲಿ 'ಬಂಡೆ' ಎಂದು ಬರೆಯಿರಿ. ಬಂಡೆಗೆ ತಾಗದೆ ಕಲ್ಲನ್ನು ಹೆಕ್ಕಿ ತರಲು ಬೇಕಾದ ಆಜ್ಞೆಗಳನ್ನು ಗುಂಪಿನಲ್ಲಿ ಚರ್ಚಿಸಿ ಕಾಗದದಲ್ಲಿ ಬರೆಯಿರಿ. 'ಮುಂದೆ ನಡೆ', 'ಎಡಕ್ಕೆ ತಿರುಗು', 'ಬಲಕ್ಕೆ ತಿರುಗು', 'ಹೆಕ್ಕು' – ಈ ನಾಲ್ಕು ಆಜ್ಞೆಗಳನ್ನು ಮಾತ್ರ ಬಳಸಬೇಕು. ಬರೆದು ಮುಗಿಸಿದ ಮೇಲೆ ಇನ್ನೊಂದು ಗುಂಪಿನವರಿಂದ ಓದಿಸಿ ನಡೆದು ನೋಡಿರಿ. ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತೆಂದು ಹುಡುಕಿ ತಿದ್ದಿರಿ.

ಋ. ನಿಮ್ಮ ಊರಿನಲ್ಲಿ ಹಿಂದೆ ಇದ್ದು ಈಗ ಇಲ್ಲದಿರುವ ಒಂದು ಮರ, ಕೆರೆ ಅಥವಾ ಆಟದ ಕುರಿತು ಮನೆಯ ಹಿರಿಯರಲ್ಲಿ ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಅದನ್ನು ಒಂದು ಕಂಪ್ಯೂಟರ್ ಆಟವನ್ನಾಗಿ ಮಾಡುವುದಾದರೆ ಅದರಲ್ಲಿ ಯಾವ ಯಾವ ಪಾತ್ರಗಳಿರಬೇಕು? ಚಿತ್ರ ಬರೆದು ತರಗತಿಯಲ್ಲಿ ವಿವರಿಸಿರಿ.